ಬೆಳಕಿಗೆ ಹನ್ನೆರಡು ಗಂಟೆಯ ಬಸ್ಸು

ಬೆಳಕು ಗಾಜಿನೆಳೆಯೊಳಗೆ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬ್ರೆಸ್ಟೊವೊ ಪಟ್ಟಣದಿಂದ ರಾಜಧಾನಿ ಸೋಫಿಯಾಕ್ಕೆ ಅದು ಮೂರು ಗಂಟೆ ಐವತ್ತು ನಿಮಿಷದಲ್ಲಿ ತಲುಪುತ್ತದೆ. ಈ ಎರಡೂ ಸಂಗತಿಗಳು ಅಧಿಕೃತವಾಗಿ ದೃಢೀಕೃತವಾಗಿದ್ದು, ಇವುಗಳ ನಡುವೆ ವಿರೋಧವಿದೆಯೆಂದು ಭಾವಿಸುವ ನಾಗರಿಕರು ಲಿಖಿತವಾಗಿ ಅರ್ಜಿ ಸಲ್ಲಿಸಬಹುದು. ಇಲ್ಲಿಯವರೆಗೆ ಯಾರೂ ಸಲ್ಲಿಸಿಲ್ಲ.

ದೃಢೀಕರಿಸಿದ್ದು ನಮ್ಮ ರಾಷ್ಟ್ರೀಯ ಬೆಳಕು ಸಂಚಾರ ಸಂಸ್ಥೆ. ಅಲ್ಲಿ ಮೂವತ್ತೊಂದು ವರ್ಷ ಸಭೆಗಳ ನಡಾವಳಿ ಬರೆದವನು ನಾನು, ಡೆಲ್ಚೊ. ವಯಸ್ಸಿನ ಮರ್ಯಾದೆಗೆ ಎಲ್ಲರೂ ಬಾಯ್ ಡೆಲ್ಚೊ ಎನ್ನುತ್ತಿದ್ದರು, ನಿವೃತ್ತನಾದ ಮೇಲೂ ಎನ್ನುತ್ತಾರೆ. ನಡಾವಳಿ ಬರೆಯುವವನಿಗೆ ಅಭಿಪ್ರಾಯ ಇರಕೂಡದು. ನನಗೂ ಇರಲಿಲ್ಲ. ಇದ್ದದ್ದು ಖುಷಿ ಮಾತ್ರ. ಆ ಖುಷಿಯಲ್ಲಿ ಸ್ವಲ್ಪ ಮಿಕ್ಕಿದೆ. ಅದನ್ನೇ ಇಲ್ಲಿ ಬಡಿಸುತ್ತಿದ್ದೇನೆ.

ಬ್ರೆಸ್ಟೊವೊ ಬೆಟ್ಟದ ಮೇಲಿನ ಊರು. ಅಲ್ಲೊಂದು ಆಸ್ಪತ್ರೆ, ಆಸ್ಪತ್ರೆಯಲ್ಲಿ ತಲೆಯೊಳಗಿನ ಚಿತ್ರ ತೆಗೆಯುವ ಯಂತ್ರ, ಯಂತ್ರದ ಪಕ್ಕದಲ್ಲಿ ಡಾಕ್ಟರ್ ಹಾರಲಾಂಪಿ ಕೆರಾನೊವ್. ಬೆಳಿಗ್ಗೆ ರೋಗಿಗಳು, ಸಂಜೆ ಜೇನುಹುಳುಗಳು: ಇದು ಅವರ ದಿನಚರಿ. ಯಂತ್ರ ತೆಗೆದ ಚಿತ್ರವನ್ನು ಓದಬಲ್ಲ ತಜ್ಞ ಮಾತ್ರ ಸೋಫಿಯಾದಲ್ಲಿದ್ದರು. ಲಕ್ವ ಹೊಡೆದರೆ ಅದು ರಕ್ತ ಹೆಪ್ಪುಗಟ್ಟಿದ್ದೋ, ರಕ್ತ ಸೋರಿದ್ದೋ ಎಂದು ತಜ್ಞರು ಚಿತ್ರ ನೋಡಿ ಹೇಳಬೇಕು. ಹೆಪ್ಪಾದರೆ ಒಂದು ಸೂಜಿಮದ್ದಿದೆ, ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮನುಷ್ಯ ಎದ್ದು ಕೂರಬಹುದು. ಸೋರಿಕೆಯಾದರೆ ಅದೇ ಮದ್ದು ಅವನನ್ನು ಮಲಗಿಸಿಬಿಡುತ್ತದೆ. ಆದ್ದರಿಂದ ಕೇಳದೆ ಕೊಡುವಂತಿಲ್ಲ.

ಆಸ್ಪತ್ರೆಯ ಡೇಟಾ ಬೆಟ್ಟದ ತೊರೆಯಿದ್ದ ಹಾಗೆ. ದಿನವಿಡೀ ಹನಿಯಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ನಾನೂರು ಚಿತ್ರಗಳು ಒಂದೇ ಏಟಿಗೆ ಹೊರಡಬೇಕು. ನಮ್ಮ ಸಂಸ್ಥೆಯಲ್ಲಿ ಜಾರಿಯಲ್ಲಿದ್ದದ್ದು ಕಾದಿರಿಸುವ ಪದ್ಧತಿ. ನಮೂನೆ ಏಳರಲ್ಲಿ ಮೂರು ದಿನ ಮುಂಚೆ ಅರ್ಜಿ ಹಾಕಿದರೆ ಎರಡು ಗಂಟೆ ಕಾಲ ಇಡೀ ಗಾಜಿನೆಳೆ ನಿಮ್ಮದು.

ನವೆಂಬರಿನಲ್ಲಿ ಡಾಕ್ಟರ್ ಫೋನ್ ಮಾಡಿದರು. ಗಾರೆಕೆಲಸದ ಮವ್ರೂದಿಗೆ ಲಕ್ವ ಹೊಡೆದಿತ್ತು. ಫೋನ್ ಎತ್ತಿದ್ದು ನಮ್ಮ ಕಾನೂನು ಸಲಹೆಗಾರ್ತಿ ಶ್ರೀಮತಿ ಪಾರಾಸ್ಕೆವಾ ತಾನೆವಾ.

"ಲೈನ್ ಬೇಕು ತಾಯಿ, ಈಗಲೇ!" ಡಾಕ್ಟರ್ ಕೂಗಿದ್ದು ನನ್ನ ಮೇಜಿನವರೆಗೂ ಕೇಳಿಸಿತು.

"ಕೊಡ್ತೀವಿ ಡಾಕ್ಟ್ರೇ, ಯಾಕೆ ಕೊಡಲ್ಲ? ಶುಕ್ರವಾರ ಹತ್ತರಿಂದ ಹನ್ನೆರಡು."

"ಇವತ್ತು ಮಂಗಳವಾರ!"

"ಅದಕ್ಕೇ ಶುಕ್ರವಾರ. ಲಕ್ವ ಹೊಡೆಯೋ ಸೂಚನೆ ಶನಿವಾರವೇ ತಿಳಿಸಿದ್ರೆ ಇವತ್ತೇ ಸಿಗ್ತಿತ್ತು. ಜನಕ್ಕೆ ಒಂದಿಷ್ಟು ಮುಂದಾಲೋಚನೆ ಬೇಡ್ವಾ?"

ಶುಕ್ರವಾರ ಹತ್ತು ಗಂಟೆಗೆ ಸರಿಯಾಗಿ ಲೈನು ತೆರೆಯಿತು. ಕಾದಿರಿಸಿದ್ದಾದ್ದರಿಂದ ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಎರಡು ಗಂಟೆ ಕಾಲ ಗಾಜಿನೆಳೆ ಗೌರವಪೂರ್ವಕವಾಗಿ ಖಾಲಿ ಕೂತಿತ್ತು. ಅದೇ ಹೊತ್ತಿಗೆ ಬ್ರೆಸ್ಟೊವೊದಲ್ಲಿ ಮವ್ರೂದಿಯ ಅಂತ್ಯಕ್ರಿಯೆ ನಡೆಯುತ್ತಿತ್ತು. ಬೇಕಿದ್ದರೆ ಇದನ್ನು ಸಂಸ್ಥೆಯ ಮೌನಾಚರಣೆ ಎಂದೂ ತಿಳಿಯಬಹುದು.

ಪತ್ರಿಕೆಯೊಂದು ಇದನ್ನು ಬರೆಯಿತು. ನಿರ್ದೇಶಕ ಸ್ಪಿರಿದೊನ್ ಗುಂಚೆವ್ ಅವರು ತೀವ್ರವಾಗಿ ಮನನೊಂದು, ಒಂದು ಸಮಿತಿ ರಚಿಸಿದರು.

ಸಮಿತಿಯ ಮುಂದೆ ಬಂದ ಮೊದಲ ಸಲಹೆ ಪೊಟ್ಟಣ ಪದ್ಧತಿ. ಡೇಟಾವನ್ನು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟುವುದು, ಪ್ರತಿ ಕವಲಿನಲ್ಲೂ ನಿಲ್ಲಿಸಿ ವಿಳಾಸ ಓದುವುದು, ದಾರಿ ತೆರವಾದಾಗ ಮುಂದಕ್ಕೆ ಬಿಡುವುದು. ನಮ್ಮ ಇಂಜಿನಿಯರ್ ಸ್ವಿಲೆನಾ ಬೊಯಾಜಿಯೆವಾ ಎದ್ದು ನಿಂತು, "ನಿಲ್ಲಿಸೋದು ಎಲ್ಲಿ ಸಾರ್? ಬೆಳಕನ್ನ ಚೀಲಕ್ಕೆ ತುಂಬಿ ಇಡೋಕಾಗಲ್ಲ, ಅದಕ್ಕೆ ಗೋದಾಮಿಲ್ಲ" ಎಂದಳು. ನಿರ್ದೇಶಕರು ಗೋದಾಮಿಲ್ಲ ಎಂಬ ಮಾತನ್ನು ಮಾತ್ರ ಕೇಳಿಸಿಕೊಂಡರು. ಅವರ ಭಾವಮೈದುನನಿಗೆ ಪೀಚ್ ಹಣ್ಣಿನ ಶೀತಲಗೃಹವೊಂದಿತ್ತು, ಚಳಿಗಾಲದಲ್ಲಿ ಖಾಲಿ. ವಾರದೊಳಗೆ ಅದು ರಾಷ್ಟ್ರೀಯ ಬೆಳಕು ದಾಸ್ತಾನು ಕೇಂದ್ರವಾಗಿ ಬಾಡಿಗೆಗೆ ಬಂತು. ತಪಾಸಣೆಗೆ ಪಾರಾಸ್ಕೆವಾ, ಸ್ವಿಲೆನಾ, ನಾನು ಮೂವರು ಹೋದೆವು. ಬಾಗಿಲು ತೆರೆದೆವು, ಒಳಗೆ ಬೆಳಕು ಇತ್ತು. ಮುಚ್ಚಿ ಮತ್ತೆ ತೆರೆದೆವು, ಇತ್ತು. ಏಳು ಸಲ ಪರೀಕ್ಷಿಸಿ, ದಾಸ್ತಾನಿನಲ್ಲಿ ಕಿಂಚಿತ್ತೂ ಸೋರಿಕೆಯಿಲ್ಲವೆಂದು ಬರೆದುಕೊಟ್ಟೆವು. ಬಾಗಿಲು ತೆರೆದಾಗ ಹೊತ್ತಿಕೊಳ್ಳುವ ಬಲ್ಬಿನ ಬಗ್ಗೆ ಸ್ವಿಲೆನಾ ಏನೋ ಹೇಳಿದಳು. ಅದು ಕಾರ್ಯಸೂಚಿಯಲ್ಲಿರಲಿಲ್ಲ.

ಸ್ವಿಲೆನಾಗೆ ತನ್ನದೇ ಒಂದು ಪದ್ಧತಿ ಇತ್ತು. ಒಂಬತ್ತು ವರ್ಷ ಪ್ರಯೋಗಾಲಯದಲ್ಲಿ ಕೂತು, ಸೂಟ್‌ಕೇಸಿನಷ್ಟು ದೊಡ್ಡ ಎರಡು ಪೆಟ್ಟಿಗೆ ಮಾಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಒಂದು ಪೆಟ್ಟಿಗೆ ಬ್ರೆಸ್ಟೊವೊದಲ್ಲಿ, ಇನ್ನೊಂದು ಸೋಫಿಯಾದಲ್ಲಿ, ನಡುವೆ ಇನ್ನೊಬ್ಬ ಮವ್ರೂದಿ ಸಾಯದೆ ಇರುವುದು. ಹುಡುಗಿ ತುಸು ಹಟಮಾರಿ.

ಅವಳು ಅದನ್ನು ವಿವರಿಸಿದ್ದು ಡಿಸೆಂಬರ್ ಹನ್ನೆರಡರಂದು. ಅಂದು ಸಂತ ಸ್ಪಿರಿದೊನನ ದಿನ, ಅಂದರೆ ಆ ಸಂತನ ಹೆಸರಿಟ್ಟುಕೊಂಡ ನಮ್ಮ ನಿರ್ದೇಶಕರ ಹೆಸರಹಬ್ಬ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ತಿಂಗಳಾದ್ದರಿಂದ ಸಮಿತಿಯ ಮೇಜಿನ ಮೇಲೆ ಮಾಂಸವಿಲ್ಲದ ಎಲೆಕೋಸಿನ ಸುರುಳಿ, ಕುಂಬಳಕಾಯಿ ತುಂಬಿದ ಬಾನಿತ್ಸಾ ಕಡುಬು ಮತ್ತು ಉಪವಾಸಕ್ಕೆ ಯಾವ ತೊಡಕೂ ಇಲ್ಲದ ಹಣ್ಣಿನ ಸಾರಾಯಿ ರಾಕಿಯಾ ಇದ್ದವು. ಮೂರನೆಯ ಲೋಟದ ನಂತರ ನಿರ್ದೇಶಕರು, "ಹೇಳಮ್ಮ, ಏನದು ನಿನ್ನ ಪದ್ಧತಿ? ಮನುಷ್ಯರಿಗೆ ಅರ್ಥ ಆಗೋ ಹಾಗೆ ಹೇಳು" ಎಂದರು.

ಸ್ವಿಲೆನಾ ಮೇಜಿನ ಸುತ್ತ ನೋಡಿದಳು. "ಸರಿ ಸಾರ್. ಇವತ್ತು ನಿಮ್ಮ ಹಬ್ಬ. ಯಾರನ್ನಾದ್ರೂ ಕರೆದ್ರಾ?"

"ಹೆಸರಹಬ್ಬಕ್ಕೆ ಯಾರಾದ್ರೂ ಕರೀತಾರೇನಮ್ಮ? ಬರ್ತಾರೆ ಅಷ್ಟೆ."

"ಹಾಂ. ನಾವೂ ಹಾಗೇ ದಂಡು ಕಟ್ಟಿಕೊಂಡು ಬಂದ್ವಿ. ಬಾಯ್ ಡೆಲ್ಚೊ ಮುಂದೆ ಓಡಿ ಬಂದು 'ಐದು ಜನ ಬರ್ತಿದಾರೆ' ಅಂದ್ರು. ನೀವು ಹೂಂ ಅಂತೀರಾ ಉಹೂಂ ಅಂತೀರಾ ಅಂತ ನಾವು ಕಾದ್ವಾ? ಇಲ್ಲ. ಅವರು ಹೇಳ್ತಿರೋವಾಗ್ಲೇ ನಾವು ಮೆಟ್ಟಿಲ ಮೇಲಿದ್ವಿ. ಅಷ್ಟರಲ್ಲಿ ನೀವು ಕುರ್ಚಿ ಎಳೆದಿಟ್ರಿ. ನನ್ನ ದಂಡು ಪದ್ಧತಿ ಅಂದ್ರೆ ಇಷ್ಟೇ. ಚಿತ್ರಗಳನ್ನೆಲ್ಲ ಒಂದು ದಂಡು ಮಾಡೋದು. ಮುಂದೊಂದು ಸಣ್ಣ ಮುನ್ಸುದ್ದಿ ಓಡಿಸೋದು. ಅದು ಪ್ರತಿ ಕವಲಲ್ಲೂ ದಾರಿ ಬಿಡಿಸ್ತಾ ಹೋಗುತ್ತೆ. ಉತ್ತರಕ್ಕೆ ಕಾಯದೆ ಹಿಂದೆಯೇ ದಂಡು. ಮೂರು ದಿನವೂ ಬೇಡ, ಗೋದಾಮೂ ಬೇಡ."

ಗೋದಾಮು ಬೇಡ ಎಂದಾಗ ನಿರ್ದೇಶಕರ ಹುಬ್ಬು ಸ್ವಲ್ಪ ಅಲುಗಿತು.

"ಕುರ್ಚಿ ಇಲ್ದೇ ಇದ್ರೆ?" ಪಾರಾಸ್ಕೆವಾ ಕೇಳಿದರು. ಅವರು ಸುರುಳಿಯನ್ನೂ ಕಾನೂನಿನಂತೆಯೇ ಬಿಡಿಸಿ ಬಿಡಿಸಿ ತಿನ್ನುವವರು.

"ಆಗ ಪಕ್ಕದ ಬೀದಿ ಸ್ಪಿರಿದೊನ್ ಮನೆಗೆ ಹೋಗೋದು ಮೇಡಂ. ಅಲ್ಲೂ ಜಾಗ ಇಲ್ಲ ಅಂದ್ರೆ ದಂಡು ಬಿದ್ದುಹೋಯ್ತು. ಮತ್ತೆ ಕಳಿಸ್ಬೇಕು."

"ವಾಹ್!" ಎಂದು ನಿರ್ದೇಶಕರು ಮೇಜು ಗುದ್ದಿದರು. "ಬಾಯ್ ಡೆಲ್ಚೊ, ಒಂದಕ್ಷರ ಬಿಡದೆ ಬರ್ಕೊಳ್ರಿ!"

ಬಿಡಲಿಲ್ಲ. ನನ್ನ ಕಸುಬಿನ ಮೇಲೆ ಆಣೆ, ಒಂದಕ್ಷರವನ್ನೂ ಬಿಡಲಿಲ್ಲ. ಅದನ್ನು ಪಾರಾಸ್ಕೆವಾ ಕಾನೂನಿನ ಭಾಷೆಗೆ ಇಳಿಸಿದರು, ನಿರ್ದೇಶಕರು ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು, ಜನವರಿಯಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು:

"ದಂಡುಗಳು ಆಮಂತ್ರಣವಿಲ್ಲದೆ ಸಂಚರಿಸತಕ್ಕದ್ದು. ಪ್ರತಿ ದಂಡೂ ಕಳುಹಿಸುವವರ ಸಂತನ ಹೆಸರನ್ನು ಹೊಂದಿರತಕ್ಕದ್ದು ಹಾಗೂ ಆ ಸಂತನ ಹಬ್ಬದ ದಿನದಂದೇ ಹೊರಡತಕ್ಕದ್ದು. ದಂಡಿನ ಮುಂದೆ ಮುನ್ಸುದ್ದಿ ಹೋಗತಕ್ಕದ್ದು. ಉತ್ತರಕ್ಕಾಗಿ ಕಾಯುವುದು ಅಪರಾಧ. ಕುರ್ಚಿ ದೊರೆಯದೆ ಬಿದ್ದುಹೋದ ದಂಡಿಗೆ ಯಾರೂ ಹೊಣೆಯಲ್ಲ. ಯಾವುದೇ ದಂಡು ಬರಿಗೈಯಲ್ಲಿ ಬರತಕ್ಕದ್ದಲ್ಲ."

ಕೊನೆಯ ಸಾಲು ನಿರ್ದೇಶಕರದು. ಅವರ ಅಕ್ಷರ ದುಂಡಾಗಿದೆ.

ಸ್ವಿಲೆನಾ ರಾಜಪತ್ರ ಹಿಡಿದು ನನ್ನ ಮೇಜಿಗೆ ಬಂದಳು. "ಬಾಯ್ ಡೆಲ್ಚೊ, ಅದು ಹೋಲಿಕೆ! ಹೋಲಿಕೆ ಕೊಟ್ಟಿದ್ದು ನಾನು!"

"ಹೋಲಿಕೆ ಅಂತ ನೀನು ಹೇಳಲಿಲ್ಲವಲ್ಲಮ್ಮ. ಹೇಳಿದ್ರೆ ಅದನ್ನೂ ಬರ್ಕೊಳ್ತಿದ್ದೆ."

ಸಂತರ ಪಟ್ಟಿಯಲ್ಲಿ ಸ್ವಿಲೆನಾ ಎಂಬವರು ಯಾರೂ ಇಲ್ಲವಾದ್ದರಿಂದ, ಸ್ವಂತ ಪೆಟ್ಟಿಗೆಯಿಂದ ಏನನ್ನಾದರೂ ಕಳಿಸುವ ಅರ್ಹತೆಯೂ ಅವಳಿಗಿರಲಿಲ್ಲ ಎಂಬುದನ್ನು ನಾನು ಆಗ ನೆನಪಿಸಲು ಹೋಗಲಿಲ್ಲ.

ಡಾಕ್ಟರ್ ಹಾರಲಾಂಪಿಯವರ ಸಂತನ ದಿನ ಫೆಬ್ರವರಿ ಹತ್ತು. ವರ್ಷಕ್ಕೊಂದು ದಿನ. ಆ ದಿನವಾದರೂ ಪರೀಕ್ಷೆ ನಡೆಯಲಿ ಎಂದು ಸ್ವಿಲೆನಾ ಹಿಂದಿನ ವಾರವೇ ಹೋಗಿ ಬ್ರೆಸ್ಟೊವೊದಲ್ಲಿ ಒಂದು ಪೆಟ್ಟಿಗೆ ಕೂರಿಸಿ ಬಂದಳು. ಇನ್ನೊಂದು ನಮ್ಮ ಕಚೇರಿಯಲ್ಲಿ, ತಜ್ಞರ ಆಸ್ಪತ್ರೆಗೆ ಹೋಗುವ ತಂತಿಯ ಬುಡದಲ್ಲಿ. ಬರಿಗೈಯಲ್ಲಿ ಬರಕೂಡದೆಂಬ ನಿಯಮವಿತ್ತಲ್ಲ? ಡಾಕ್ಟರು ನಿರ್ದೇಶಕರಿಗೆಂದು ಮೂರು ಸೀಸೆ ಜೇನು ಕಟ್ಟಿಟ್ಟರು. ಜೇನು ಗಾಜಿನೆಳೆಯಲ್ಲಿ ಹರಿಯುವುದಿಲ್ಲ. ಆದ್ದರಿಂದ ಅದು ಹನ್ನೆರಡು ಗಂಟೆಯ ಬಸ್ಸಿನಲ್ಲಿ ಹೋಗುವುದೆಂದು ತೀರ್ಮಾನವಾಯಿತು.

ಬಸ್ಸಿನ ಚಾಲಕ ಬಾಯ್ ಪ್ರೊದಾನ್. ಬೆಟ್ಟದ ಊರುಗಳಿಂದ ರಾಜಧಾನಿಗೆ ಏನೇ ಬರಬೇಕಾದರೂ ಅವನ ಸೀಟಿನ ಹಿಂದೆ ಬರಬೇಕು: ಮಗನಿಗೆ ಕುರಿಹಾಲಿನ ಗಿಣ್ಣು, ಸೊಸೆಗೆ ಮೆಣಸಿನಕಾಯಿ ಗೊಜ್ಜು, ವಕೀಲರಿಗೆ ಕಾಗದಪತ್ರ. ಕೊಟ್ಟವರು ಊರಿಂದ ಫೋನ್ ಮಾಡುತ್ತಾರೆ, "ಪ್ರೊದಾನ್ ಹೊರಟ." ಪಡೆಯುವವರು ನಿಲ್ದಾಣಕ್ಕೆ ಬಂದು ನಿಂತಿರುತ್ತಾರೆ. ಪ್ರೊದಾನ್ ಯಾರಿಗೂ ಕಾಯುವುದಿಲ್ಲ. ಬರದವರ ಗಂಟು ಡಿಪೋಗೆ ಹೋಗುತ್ತದೆ. ಅಲ್ಲೂ ಬರದಿದ್ದರೆ ಗಿಣ್ಣನ್ನು ಡಿಪೋದವರೇ ವಿಲೇವಾರಿ ಮಾಡುತ್ತಾರೆ.

ಫೆಬ್ರವರಿ ಹತ್ತರಂದು ಹನ್ನೊಂದೂವರೆಗೆ ಬ್ರೆಸ್ಟೊವೊದ ಅಂಚೆಯಣ್ಣ ಕುಜ್ಮಾನ್, ಪತ್ರ ಹಂಚುತ್ತಿದ್ದವನು, ಒಂದು ಗೇಟಿನ ಮುಂದೆ ಕುಸಿದು ಬಿದ್ದ. ಹತ್ತು ನಿಮಿಷ ಕಡಿಮೆ ಹನ್ನೆರಡಕ್ಕೆ ನಾನೂರು ಚಿತ್ರಗಳು ಸಿದ್ಧ. ಡಾಕ್ಟರು ಗುಂಡಿ ಒತ್ತಿದರು. ಮುನ್ಸುದ್ದಿ ಓಡಿತು, ಹಿಂದೆಯೇ ದಂಡು ಓಡಿತು. ಆದರೆ ದೇಶದ ಸಮಸ್ತ ಹಾರಲಾಂಪಿಗಳಿಗೂ ಅದೊಂದೇ ದಿನ. ಹಾರಲಾಂಪಿ ಜೇನು ಸಾಕುವವರ ಸಂತನೂ ಹೌದು. ವರ್ಷದ ಶುಭಾಶಯ, ಮೊಮ್ಮಕ್ಕಳ ಚಿತ್ರ, ಜೇನುಪೆಟ್ಟಿಗೆಯ ಮುಂದೆ ನಿಂತು ಹಾಡಿದ ವೃಂದಗಾನ, ಎಲ್ಲವೂ ನಿಯಮಾನುಸಾರ ಆ ದಿನವೇ, ಆ ಕವಲಿಗೇ ಬಂದಿದ್ದವು. ಕುರ್ಚಿ ಇರಲಿಲ್ಲ. ಕುಜ್ಮಾನನ ತಲೆಯ ಚಿತ್ರ ಮೂರು ಸಲ ಬಂತು, ಮೂರು ಸಲ ಬಿತ್ತು.

ಪರದೆಯ ಮುಂದೆ ಕೂತಿದ್ದ ಸ್ವಿಲೆನಾ ಬಿಳಿಚಿಕೊಂಡಳು. ಆಗ ಫೋನ್ ಬಂತು.

"ಮಗಳೇ, ನಿನ್ನ ಪೆಟ್ಟಿಗೆ ಮೇಲೆ ನಂಬಿಕೆ ಇದೆ, ನಿಮ್ಮ ಸಮಿತಿ ಮೇಲೆ ಇಲ್ಲ," ಎಂದರು ಡಾಕ್ಟರ್. "ಚಿತ್ರದ ಡಿಸ್ಕ್ ಒಂದನ್ನ ಜೇನಿನ ಗಂಟಲ್ಲಿ ಹಾಕಿದೀನಿ. ಪ್ರೊದಾನ್ ಹೊರಟ."

ಮೂರೂ ಐವತ್ತಕ್ಕೆ ಬಸ್ಸು ಬಂದಾಗ ಸ್ವಿಲೆನಾ ನಿಲ್ದಾಣದಲ್ಲಿದ್ದಳು. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ತಜ್ಞರ ಕೋಟಿನ ತೋಳು. ಒಂದು ಸೀಸೆ ಸೋರಿ ಡಿಸ್ಕೆಲ್ಲ ಜೇನಾಗಿತ್ತು. ಅವಳು ಅದನ್ನು ತನ್ನ ಅಂಗಿಗೆ ಒರೆಸಿ ಹಾಕಿದಳು. ತಜ್ಞರು ಬಸ್ಸಿನ ಮೆಟ್ಟಿಲ ಮೇಲೆ ಕೂತು ನೋಡಿ, ಮೂರೂ ಐವತ್ತೇಳಕ್ಕೆ ಫೋನಿನಲ್ಲಿ, "ಹೆಪ್ಪು. ಕೊಡಿ ಸೂಜಿ" ಎಂದರು. ನಾಲ್ಕೂವರೆ ಗಂಟೆಗೆ ಇನ್ನು ಮೂರು ನಿಮಿಷ ಬಾಕಿಯಿತ್ತು. ಕುಜ್ಮಾನ್ ಬದುಕಿದ. ಈಗಲೂ ಪತ್ರ ಹಂಚುತ್ತಾನೆ, ಸ್ವಲ್ಪ ಎಡಕ್ಕೆ ವಾಲಿಕೊಂಡು.

ಮರುದಿನ ಸಮಿತಿ ಸೇರಿತು. ಉಳಿದ ಎರಡು ಸೀಸೆ ಜೇನು ನಿರ್ದೇಶಕರ ಮುಂದಿದ್ದವು.

"ಪರೀಕ್ಷೆ ಯಶಸ್ವಿ," ಎಂದರು ನಿರ್ದೇಶಕರು. "ಚಿತ್ರ ತಲುಪಿದೆ. ರೋಗಿ ಬದುಕಿದಾನೆ. ಜೇನು ಬಂದಿದೆ."

"ಸಾರ್, ಚಿತ್ರ ಬಂದಿದ್ದು ಬಸ್ಸಲ್ಲಿ," ಎಂದಳು ಸ್ವಿಲೆನಾ. "ನಿಯಮದಿಂದ ಹಬ್ಬದ ದಿನದ ಆ ಸಾಲು ತೆಗೆದುಬಿಡಿ. ಪೆಟ್ಟಿಗೆ ತಾನಾಗೇ ಕೆಲಸ ಮಾಡುತ್ತೆ."

"ರಾಜಪತ್ರದಲ್ಲಿ ಬಂದಿದ್ದನ್ನ ತೆಗೆಯೋದು ಅಂದ್ರೇನಮ್ಮ? ಅದೇನು ಕಟ್ಟಿಸಿಕೊಂಡ ಹಲ್ಲಾ?" ಎಂದ ಪಾರಾಸ್ಕೆವಾ ಕನ್ನಡಕ ಏರಿಸಿದರು. "ಬಸ್ಸನ್ನೇ ನೋಡೋಣ. ಮುನ್ಸುದ್ದಿ ಹೋಯಿತೇ? ಹೋಯಿತು, ಫೋನಿನಲ್ಲಿ. ಉತ್ತರಕ್ಕೆ ಕಾದರೇ?"

"ಪ್ರೊದಾನ್ ಅವರಪ್ಪನಿಗೂ ಕಾಯೋನಲ್ಲ," ಎಂದೆ ನಾನು.

"ಕಾಯಲಿಲ್ಲ. ಕುರ್ಚಿ ಸಿಗದ ದಂಡು ಬೇರೆ ದಾರಿ ಹಿಡಿಯುತ್ತದೆಯೇ?"

"ಡಿಪೋಗೆ ಹೋಗುತ್ತೆ."

"ಬರಿಗೈಯಲ್ಲಿ ಬಂತೇ? ಇಲ್ಲ." ಅವರು ಜೇನಿನ ಕಡೆ ಗೌರವದಿಂದ ನೋಡಿದರು. "ಎಲ್ಲ ಷರತ್ತೂ ಪೂರೈಸಿದೆ. ಬಸ್ಸು ದಂಡು ಪದ್ಧತಿಯ ಸ್ವಿಚ್ಚು, ಅಂದ್ರೆ ದಂಡನ್ನ ದಾರಿಗೆ ಹಚ್ಚೋ ಯಂತ್ರ."

"ಆದರೆ ಬೆಳಕಿನದಲ್ಲ!" ಸ್ವಿಲೆನಾ ಎದ್ದುಬಿಟ್ಟಳು. "ನಾವು ಬೆಳಕು ಸಂಚಾರ ಸಂಸ್ಥೆ! ಅದು ಡೀಸೆಲ್ ಬಸ್ಸು!"

ಇದು ನಿಜಕ್ಕೂ ತೊಡಕಿನ ಪ್ರಶ್ನೆಯಾಗಿತ್ತು. ನಿರ್ದೇಶಕರು ಜೇನಿನಲ್ಲಿ ಬೆರಳದ್ದಿ ಯೋಚಿಸಿದರು.

"ದೀಪ ಉರೀತಿತ್ತಾ?"

"ಏನು ಸಾರ್?"

"ಬಸ್ಸಿನ ಮುಂದಿನ ದೀಪ. ಹಗಲಲ್ಲೂ ಉರಿಸಿರಬೇಕು ಅಂತ ರಸ್ತೆ ಕಾನೂನೇ ಇದೆಯಲ್ಲ?"

ಸ್ವಿಲೆನಾ ಸುಳ್ಳು ಹೇಳುವವಳಲ್ಲ. "ಉರೀತಿತ್ತು," ಎಂದಳು.

"ಮತ್ತೇನು! ಬೆಳಕು ಮುಂದೆ, ದಂಡು ಹಿಂದೆ," ಎಂದು ನಿರ್ದೇಶಕರು ಬೆರಳು ಚೀಪಿದರು.

ಕಾನೂನಿನ ಪ್ರಕಾರ ಪ್ರಮಾಣಪತ್ರಕ್ಕೆ ಇಂಜಿನಿಯರಿನ ಸಹಿ ಬೇಕು. ಕಾಗದ ಸ್ವಿಲೆನಾಳ ಮುಂದೆ ಬಂತು. ಒಂಬತ್ತು ವರ್ಷ ಪ್ರಯೋಗಾಲಯದಲ್ಲಿ ಕೂತ ಹೆಣ್ಣುಮಗಳು ಬಸ್ಸು ಬೆಳಕೆಂದು ಸಹಿ ಮಾಡಬೇಕು. ಅವಳು ಲೇಖನಿ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ಸಹಿ ಹಾಕದಿದ್ರೆ ಬ್ರೆಸ್ಟೊವೊ ಗತಿ ಏನು?"

"ನಮೂನೆ ಏಳು," ಎಂದರು ಪಾರಾಸ್ಕೆವಾ.

"ಹಾಕಿದ್ರೆ ಆ ಆಸ್ಪತ್ರೆಗೆ ನಮೂನೆ ಏಳು ರದ್ದಾಗುತ್ತಾ? ಬರೆದುಕೊಡ್ತೀರಾ?"

"ಬರೆದುಕೊಡೋಣ."

"ಇನ್ನೊಂದು. ನನ್ನ ಪೆಟ್ಟಿಗೆಗಳು ಬಹಳ ಭಾರ. ಇದ್ದಲ್ಲೇ ಇರಲಿ. ತಂತಿ ಕೀಳೋದು ಬೇಡ, ಗೋಡೆ ಬಣ್ಣ ಕಿತ್ತು ಬರುತ್ತೆ."

ಗೋಡೆಗೆ ಹಿಂದಿನ ವರ್ಷವಷ್ಟೇ ನಿರ್ದೇಶಕರ ಭಾವಮೈದುನನೇ ಬಣ್ಣ ಹೊಡೆದಿದ್ದ. "ಬೇಡ ಬೇಡ, ಕೀಳೋದು ಬೇಡ," ಎಂದರು ನಿರ್ದೇಶಕರು. ಸ್ವಿಲೆನಾ ಸಹಿ ಹಾಕಿದಳು. ನಾನು ಇದನ್ನೂ ಒಂದಕ್ಷರ ಬಿಡದೆ ಬರೆದುಕೊಂಡೆ. ತಂತಿಯ ವಿಷಯ ಬರೆಯುವಾಗ ಮಾತ್ರ ಲೇಖನಿಯಲ್ಲಿ ಶಾಯಿ ಮುಗಿದಿತ್ತು. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು.

ಪ್ರೊದಾನನ ಬಸ್ಸಿಗೆ ಹಿತ್ತಾಳೆಯ ಫಲಕ ಬಂತು: ರಾಷ್ಟ್ರೀಯ ಬೆಳಕು ದಂಡು ಸ್ವಿಚ್ಚು, ಕ್ರಮಾಂಕ ಒಂದು. ಅವನು ಅದನ್ನು ದಿನಾ ಉಜ್ಜುತ್ತಿದ್ದ. ಸ್ವಿಲೆನಾಗೆ ಮುಖ್ಯ ದೀಪ ಪರಿವೀಕ್ಷಕಿ ಎಂಬ ಹುದ್ದೆ ಬಂತು. ವಾರಕ್ಕೊಮ್ಮೆ ನಿಲ್ದಾಣಕ್ಕೆ ಹೋಗಿ ಎಡಗಡೆಯದು ಉರಿಯುತ್ತಿದೆ, ಬಲಗಡೆಯದು ಉರಿಯುತ್ತಿದೆ ಎಂದು ಬರೆಯುವುದು ಕೆಲಸ. ಬ್ರೆಸ್ಟೊವೊದ ಪೆಟ್ಟಿಗೆಯ ಮೇಲೆ ದಾದಿಯರು ಕಸೂತಿ ಬಟ್ಟೆ ಹಾಸಿ ಹೂಕುಂಡ ಇಟ್ಟರು. ಆಸ್ಪತ್ರೆಯ ಬಾಗಿಲಿಗೆ ಸಂಸ್ಥೆಯ ಪ್ರಕಟಣೆ ಅಂಟಿತು:

"ಸಾರ್ವಜನಿಕರ ಗಮನಕ್ಕೆ. ಲಕ್ವ ಹೊಡೆಸಿಕೊಳ್ಳುವವರು ಹನ್ನೊಂದೂ ಇಪ್ಪತ್ತೈದರಿಂದ ಹನ್ನೊಂದೂ ನಲವತ್ತರ ನಡುವೆ ಹೊಡೆಸಿಕೊಂಡು ಸಹಕರಿಸತಕ್ಕದ್ದು. ಭಾನುವಾರ ಬಸ್ಸು ಇರುವುದಿಲ್ಲ."

ಜನ ಸಹಕರಿಸಲಿಲ್ಲ. ಬೆಳಿಗ್ಗೆ ಏಳಕ್ಕೆ ಹೊಡೆಯಿತು, ಸಂಜೆ ಆರಕ್ಕೆ ಹೊಡೆಯಿತು, ಒಬ್ಬರಿಗಂತೂ ಭಾನುವಾರ ಪೂಜೆಯ ನಡುವೆಯೇ ಹೊಡೆಯಿತು. ಆದರೆ ಆಶ್ಚರ್ಯವೆಂದರೆ, ಎಲ್ಲರೂ ಗುಣವಾಗತೊಡಗಿದರು. ಸೋಫಿಯಾದ ತಜ್ಞರು, ತಮಗೆ ಕನಸು ಬಿದ್ದವರ ಹಾಗೆ, ಚಿತ್ರ ತೆಗೆದ ಎರಡು ನಿಮಿಷಕ್ಕೆ ಫೋನ್ ಮಾಡಿ "ಕೊಡಿ" ಅಥವಾ "ಬೇಡ" ಎನ್ನುತ್ತಿದ್ದರು. ಹೂಕುಂಡದಲ್ಲಿದ್ದ ಗಿಡವೂ ಪೆಟ್ಟಿಗೆಯ ಬಿಸಿಗೋ ಏನೋ ಚಳಿಯಲ್ಲೇ ಹೂ ಬಿಟ್ಟಿತು. ಕಾರಣ ಯಾರೂ ಕೇಳಲಿಲ್ಲ. ನನ್ನನ್ನಂತೂ ಯಾರೂ ಕೇಳಲಿಲ್ಲ.

ಕೇಳಿದ್ದು ಪ್ರೊದಾನ್. ಮೇ ತಿಂಗಳಲ್ಲಿ ಟೋಪಿ ಕೈಯಲ್ಲಿ ಹಿಡಿದು ಸಮಿತಿಯ ಮುಂದೆ ಬಂದು ನಿಂತ.

"ಸಾರ್, ನಾನು ಮರ್ಯಾದಸ್ಥ. ಇಪ್ಪತ್ತಾರು ವರ್ಷ ಬಸ್ ಓಡಿಸಿದೀನಿ. ಈಗ ಡಿಸ್ಕ್ ಇಸ್ಕೊಳಕ್ಕೆ ಆಸ್ಪತ್ರೆಗೆ ಹೋದ್ರೆ ಪೇಷಂಟು ಎದ್ದು ಕೂತು ಮೊಸರು ತಿಂತಿರ್ತಾನೆ! ನಾನಿನ್ನೂ ಗಾಡಿ ಸ್ಟಾರ್ಟೇ ಮಾಡಿರಲ್ಲ! ಊರಲ್ಲಿ ಹುಡುಗ್ರು ನಗ್ತಾರೆ, 'ಬಾಯ್ ಪ್ರೊದಾನ್, ನಿನ್ನ ಬಸ್ಸಿಗಿಂತ ನಿನ್ನ ಫಲಕ ಫಾಸ್ಟು' ಅಂತ. ನಾನು ಏನನ್ನ ಹೊತ್ಕೊಂಡು ಹೋಗ್ತಿದೀನಿ, ಹೇಳಿ?"

ನಿರ್ದೇಶಕರು ಸ್ವಿಲೆನಾ ಕಡೆ ತಿರುಗಿದರು. "ಬಸ್ಸು ಹೊರಡೋಕೆ ಮುಂಚೆ ಚಿತ್ರ ಹೇಗಮ್ಮ ತಲುಪುತ್ತೆ?"

ಅವಳ ಬೆರಳುಗಳು ಮೇಜಿನಂಚನ್ನು ಹಿಡಿದಿದ್ದವು. ಸಂತನಿಲ್ಲದ ಹೆಸರಿನವಳು, ಹಬ್ಬವಲ್ಲದ ದಿನಗಳಲ್ಲಿ, ಕಾಣಿಕೆಯಿಲ್ಲದೆ, ತನ್ನ ಪೆಟ್ಟಿಗೆಗಳ ಮೂಲಕ ಹದಿನೇಳು ದಂಡು ಕಳಿಸಿದ್ದು ಹೊರಬಿದ್ದರೆ ಪೆಟ್ಟಿಗೆಗಳು ಗೋದಾಮಿಗೆ, ಬ್ರೆಸ್ಟೊವೊ ನಮೂನೆ ಏಳಕ್ಕೆ. ನಾನು ಕೆಮ್ಮಿದೆ.

"ತಲುಪೋದಿಲ್ಲ ಸಾರ್," ಎಂದೆ. "ತಲುಪಿತು ಅನ್ನೋಕೆ ನಡಾವಳಿಯಲ್ಲಿ ಆಧಾರ ಇಲ್ಲ."

ಪಾರಾಸ್ಕೆವಾ ನನ್ನನ್ನು ನೋಡಿದರು, ಸ್ವಿಲೆನಾಳನ್ನು ನೋಡಿದರು. ಅವರ ಅಕ್ಕನ ಮನೆ ಬ್ರೆಸ್ಟೊವೊದಲ್ಲಿ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ಬಾಯ್ ಡೆಲ್ಚೊ ಹೇಳೋದು ಸರಿ. ಬಸ್ಸು ಬರದೆ ಚಿತ್ರ ತಲುಪಿಲ್ಲ. ಚಿತ್ರ ತಲುಪದೆ ಚಿಕಿತ್ಸೆ ಇಲ್ಲ. ಚಿಕಿತ್ಸೆ ಇಲ್ಲದೆ ಗುಣ ಇಲ್ಲ. ಆದ್ದರಿಂದ ಆ ಮೊಸರು ತಿಂತಿದ್ದ ಮನುಷ್ಯ ಗುಣವಾಗಿರಲಿಲ್ಲ. ತಪ್ಪು ಅವನದು."

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು: ಅವಧಿಗೆ ಮುನ್ನ ಗುಣಮುಖರಾಗುವ ರೋಗಿಗಳು ಬಸ್ಸು ಸೋಫಿಯಾ ತಲುಪುವವರೆಗೆ ಗುಣಮುಖರಾಗದೆ ಇರತಕ್ಕದ್ದು. ಪ್ರೊದಾನ್ ಟೋಪಿ ಹಾಕಿಕೊಂಡು ಎಲ್ಲರ ಕೈಕುಲುಕಿದ.

ನಿರ್ಣಯ ಹೇಗೆ ಜಾರಿಯಾಗುತ್ತಿದೆಯೆಂದು ನೋಡಿಬರಲು ಮುಂದಿನ ವಾರ ನನ್ನನ್ನೇ ಕಳಿಸಿದರು. ಅಂದು ಬೆಳಿಗ್ಗೆ ಎಂಟಕ್ಕೆ ಸಂಗೀತದ ಮೇಷ್ಟ್ರಮ್ಮ ವೆನೆತಾ ಅವರಿಗೆ ಲಕ್ವ ಹೊಡೆದಿತ್ತು. ಒಂಬತ್ತಕ್ಕೆ ಸೂಜಿಮದ್ದು. ಹನ್ನೊಂದರ ಹೊತ್ತಿಗೆ ಅವರು ದಿಂಬಿಗೊರಗಿ ಕೂತು, ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ತಾಳ ಹಾಕುತ್ತಿದ್ದರು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಪ್ರೊದಾನ್ ಡಿಸ್ಕಿಗೆ ಬಂದ. ಬಾಗಿಲಲ್ಲೇ ನಿಂತ. ಅವನ ಮುಖ ಸಣ್ಣದಾಯಿತು.

ಡಾಕ್ಟರ್ ಹಾರಲಾಂಪಿ ನಿರ್ಣಯದ ಪ್ರತಿಯನ್ನು ಮೇಷ್ಟ್ರಮ್ಮನ ಕೈಗೆ ಕೊಟ್ಟರು. ಅವರು ಎರಡು ಸಲ ಓದಿದರು.

"ಅಂದ್ರೆ ನಾನು ಈಗ ಮಾತಾಡ್ತಿಲ್ಲ?"

"ಕಾನೂನು ಪ್ರಕಾರ ಇಲ್ಲಮ್ಮ," ಎಂದೆ.

"ಈ ಕೈ?"

"ಅದೂ ಆಡ್ತಿಲ್ಲ."

ಅವರು ತಮ್ಮ ಕೈಯನ್ನು ನೋಡಿದರು, ಆಮೇಲೆ ಪ್ರೊದಾನನನ್ನು. "ಲೋ ಪ್ರೊದಾನ್, ನಾಲ್ಕನೇ ಕ್ಲಾಸಲ್ಲಿ ಶ್ರುತಿ ತಪ್ಪಿ ಹಾಡಿದ್ದಕ್ಕೆ ನಿನ್ನ ಕಿವಿ ಹಿಂಡಿದ್ದು ಜ್ಞಾಪಕ ಇದೆಯೇನೋ?"

"ಇದೆ ಮೇಡಂ."

"ಎಷ್ಟೊತ್ತಿಗೆ ಮುಟ್ಟುತ್ತೆ ನಿನ್ನ ಗಾಡಿ?"

"ಮೂರೂ ಐವತ್ತಕ್ಕೆ."

"ಸರಿ, ಹೊರಡು. ದೀಪ ಹಾಕ್ಕೊಂಡು ಹೋಗು."

ಪ್ರೊದಾನ್ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು, ಗುಡಿಯಿಂದ ಪ್ರಸಾದ ತರುವವನ ಹಾಗೆ ಹೊರಗೆ ನಡೆದ. ಮೇಷ್ಟ್ರಮ್ಮ ದಿಂಬು ಸರಿಮಾಡಿಕೊಂಡರು, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು, ಕೈಯನ್ನು ಅಲ್ಲಾಡದಂತೆ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದರು. ಕೆಳಗೆ ಬಸ್ಸು ಹೊರಟ ಸದ್ದು ಕೇಳಿಸಿತು. ಡಾಕ್ಟರು ಜೇನು ನೋಡಲು ಹೋದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ದಾದಿಯೊಬ್ಬಳು ಹೂಗಿಡಕ್ಕೆ, ಪೆಟ್ಟಿಗೆ ನೆನೆಯದ ಹಾಗೆ, ಜೋಪಾನವಾಗಿ ನೀರು ಹಾಕಿದಳು.

ಮೂರೂ ಐವತ್ತಕ್ಕೆ ಫೋನ್ ಬಂತು. ಸ್ವಿಲೆನಾ. "ಬಾಯ್ ಡೆಲ್ಚೊ, ದಂಡು ತಲುಪಿದೆ. ಎರಡೂ ದೀಪ ಉರೀತಿದೆ."

ಡಾಕ್ಟರು ಒಳಗೆ ಬಂದು ಮಂಚದ ಬಳಿ ಬಾಗಿ, "ವೆನೆತಮ್ಮಾ, ಬಸ್ಸು ಮುಟ್ಟಿತು" ಎಂದರು.

ಮೇಷ್ಟ್ರಮ್ಮ ನಿಧಾನವಾಗಿ ಕಣ್ಣು ಬಿಟ್ಟರು. ಸುತ್ತಲೂ ನೋಡಿದರು. ಬೆರಳೊಂದನ್ನು ಅಲುಗಿಸಿ ಬೆರಗಾದರು. ನಾನು ಲೇಖನಿ ತೆರೆಯುವುದನ್ನು ಕಾದು, ಸ್ಪಷ್ಟವಾಗಿ, ಬರೆದುಕೊಳ್ಳಲು ಅನುಕೂಲವಾಗುವಷ್ಟು ನಿಧಾನವಾಗಿ ಕೇಳಿದರು:

"ನಾನೆಲ್ಲಿದ್ದೇನೆ?"